ಹೆರಿಗೆ ಕೋಣೆಯಿಂದ ಬರಬೇಕಾದ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ.

ಹೆರಿಗೆ ಆದ ಮೇಲೆ ತಾಯಿಯ ಮೈಯಿಂದ ಎಷ್ಟು ರಕ್ತ ಹೋಯಿತು ಅಂತ ಹೇಗೆ ತಿಳಿಯುತ್ತದೆ? ಬಹಳ ಕಡೆ ಇವತ್ತಿಗೂ ಕಣ್ಣಂದಾಜೇ ಗತಿ. ಬಟ್ಟೆ ಒದ್ದೆಯಾಗಿದೆ, ಹಾಸಿಗೆಗೂ ಇಳಿದಿದೆ, ನೆಲದ ಮೇಲೂ ಸ್ವಲ್ಪ ಬಿದ್ದಿದೆ. ಸಿಸ್ಟರ್ ಒಮ್ಮೆ ನೋಡಿ ರಿಜಿಸ್ಟರಿನಲ್ಲಿ '300 ಎಂಎಲ್' ಅಂತ ಬರೆಯುತ್ತಾರೆ. 500 ದಾಟಿದರೆ ಅತಿ ರಕ್ತಸ್ರಾವ ಅಂತ ಲೆಕ್ಕ. ಆದರೆ ಬಟ್ಟೆ ಹೀರಿಕೊಂಡ ರಕ್ತ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಬಾಣಂತಿಯ ಮುಖ ಬಿಳಿಚಿಕೊಂಡಾಗ ಓಡಾಟ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಬಡ ದೇಶಗಳಲ್ಲಿ ನಡೆಯುವ ನರ್ಸಿಂಗ್, ಹೆರಿಗೆ ಆರೈಕೆ, ಸಾರ್ವಜನಿಕ ಆರೋಗ್ಯದ ಸಂಶೋಧನೆಯ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದೀರಿ. ವಿಷಯ ದೊಡ್ಡದು. ನಾನು ಹೇಳುವುದು ಒಂದೇ ಸಂಗತಿ. ಇಂಥ ಕಡೆ ನಿಜವಾಗಿ ಉಪಯೋಗಕ್ಕೆ ಬಂದ ಸಂಶೋಧನೆಗಳನ್ನು ತೆಗೆದು ನೋಡಿ. ಅವುಗಳ ಬುಡದಲ್ಲಿ ವಾರ್ಡಿನಲ್ಲಿ ನಿಂತವರ ಯಾವುದೋ ತೊಡಕು ಇರುತ್ತದೆ. ಆದರೆ ಪ್ರಶ್ನೆ ಹಾಕುವ ಮೇಜಿನ ಮುಂದೆ ಅವರಿಗೆ ಕುರ್ಚಿ ಸಿಗುವುದು ಅಪರೂಪ.

ರಕ್ತದ ವಿಷಯಕ್ಕೇ ಬರೋಣ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಯಿತು. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್‌ಗೆ ಸೂಜಿ ಬೇಕು, ತಂಪು ಬೇಕು. ಅದೇ ಕೆಲಸ ಮಾಡುವ ಮಿಸೊಪ್ರೊಸ್ಟಾಲ್ ಮಾತ್ರೆಗೆ ಎರಡೂ ಬೇಡ. ಹಾಗಾದರೆ ಡಾಕ್ಟರ್ ಇಲ್ಲದ ಕಡೆ ಹಳ್ಳಿಯ ಆರೋಗ್ಯ ಸಹಾಯಕಿಯರು, ಅಂದರೆ ಎಎನ್ಎಂಗಳೇ ಈ ಮಾತ್ರೆ ಕೊಟ್ಟರೆ ಆಗುತ್ತದಾ? 1,620 ತಾಯಂದಿರ ಮೇಲೆ ಪರೀಕ್ಷಿಸಿದರು. ಮಾತ್ರೆ ಸಿಗದ ಗುಂಪಿನಲ್ಲಿ ಶೇ 12ರಷ್ಟು ಮಂದಿಗೆ ಅತಿ ರಕ್ತಸ್ರಾವವಾಯಿತು. ಮಾತ್ರೆ ಸಿಕ್ಕವರಲ್ಲಿ ಅದು ಶೇ 6.4. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ನನಗೆ ಮಾತ್ರೆಗಿಂತ ಜಾಸ್ತಿ ಹಿಡಿಸಿದ್ದು ಅಲ್ಲಿ ಬಳಸಿದ ಪ್ಲಾಸ್ಟಿಕ್ ಹಾಳೆ. ಮಗು ಹುಟ್ಟಿದ ಕೂಡಲೇ ಅದನ್ನು ತಾಯಿಯ ಕೆಳಗೆ ಹಾಸುತ್ತಾರೆ. ತುದಿಯಲ್ಲಿ ಒಂದು ಚೀಲ, ಚೀಲದ ಮೇಲೆ ಎಂಎಲ್ ಗೆರೆಗಳು. ರಕ್ತ ಜಾರಿ ಚೀಲದಲ್ಲಿ ನಿಲ್ಲುತ್ತದೆ, ಓದಿಕೊಂಡರೆ ಆಯಿತು. ಇದನ್ನು ಕಣ್ಣಂದಾಜಿನ ಜೊತೆ ಹೋಲಿಸಿದಾಗ ಅಂದಾಜು ಸುಮಾರು ಮೂರನೇ ಒಂದು ಭಾಗ ಕಡಿಮೆ ಬರುತ್ತಿತ್ತು. ಅನುಭವ ಇದ್ದವರ ಕಣ್ಣೂ ಮೋಸ ಹೋಗುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮುಂದೆ ಇಂಥದೇ ಚೀಲವನ್ನು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳು. ಇ-ಮೋಟಿವ್ ಅಂತ ಆ ಅಧ್ಯಯನದ ಹೆಸರು, ಫಲಿತಾಂಶ ಬಂದದ್ದು 2023ರಲ್ಲಿ. ಚೀಲದಲ್ಲಿ ರಕ್ತ ಗೆರೆ ಮುಟ್ಟಿದರೆ ಗರ್ಭಕೋಶದ ಮಸಾಜ್, ಗರ್ಭಕೋಶ ಬಿಗಿಯಾಗುವ ಔಷಧಿ, ರಕ್ತದ ಹೆಪ್ಪು ಒಡೆಯದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಒಳಪರೀಕ್ಷೆ, ಎಲ್ಲವನ್ನೂ ಒಟ್ಟಿಗೇ ಶುರು ಮಾಡಬೇಕು. ಮೊದಲೆಲ್ಲ ಒಂದು ಮಾಡಿ, ಕಾದು, ನಿಲ್ಲದಿದ್ದರೆ ಇನ್ನೊಂದು ಅಂತಿತ್ತು. ಹಳೇ ಪದ್ಧತಿಯ ಆಸ್ಪತ್ರೆಗಳಲ್ಲಿ ಅತಿ ರಕ್ತಸ್ರಾವದ ಪ್ರಕರಣಗಳಲ್ಲಿ ಸುಮಾರು ಅರ್ಧ ಮಾತ್ರ ಕಣ್ಣಿಗೆ ಬಿದ್ದವು. ಹೊಸ ಪದ್ಧತಿಯಲ್ಲಿ ಶೇ 93. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾಗಿ ಬರುವುದು, ಸಾವು, ಇವನ್ನೆಲ್ಲ ಸೇರಿಸಿ ನೋಡಿದರೆ ಶೇ 60ರಷ್ಟು ಇಳಿಕೆ. ಇದರಲ್ಲಿ ಒಂದೇ ಒಂದು ಹೊಸ ಔಷಧಿ ಇರಲಿಲ್ಲ, ಗಮನಿಸಿ.

ಎಲ್ಲ ಅಧ್ಯಯನವೂ ಹೀಗೆ ಗೆಲ್ಲುವುದಿಲ್ಲ. ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ಸುರಕ್ಷಿತ ಹೆರಿಗೆಯ ಚೆಕ್‌ಲಿಸ್ಟ್ ಪರೀಕ್ಷಿಸಿದರು. ಚೆಕ್‌ಲಿಸ್ಟ್ ಕೊಟ್ಟು ಸುಮ್ನೆ ಬಿಡಲಿಲ್ಲ, ತರಬೇತುದಾರರು ಬಂದು ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಕೈ ತೊಳೆಯುವುದು, ಬಿಪಿ ನೋಡುವುದು ಎಲ್ಲ ಸುಧಾರಿಸಿತು. ತಾಯಿ ಮಕ್ಕಳ ಸಾವು ಮಾತ್ರ ಕಡಿಮೆಯಾಗಲಿಲ್ಲ. ತರಬೇತುದಾರರ ಭೇಟಿ ನಿಂತ ಮೇಲೆ ಸುಧಾರಣೆಯೂ ಸ್ವಲ್ಪ ಜಾರಿತು. 2017ರಲ್ಲಿ ಇದನ್ನು ಹೀಗೇ ಪ್ರಕಟಿಸಿದರು. ನನ್ನ ಪ್ರಕಾರ ಅದು ದೊಡ್ಡ ಉಪಕಾರ. ಚೆಕ್‌ಲಿಸ್ಟಿನಿಂದ ರಕ್ತನಿಧಿ ಹುಟ್ಟುವುದಿಲ್ಲ, ರಾತ್ರಿ ಪಾಳಿಗೆ ಎರಡನೇ ನರ್ಸ್ ಬರುವುದಿಲ್ಲ. ಅದನ್ನು ಲೇಬರ್ ರೂಮಿನ ಯಾವ ಸಿಸ್ಟರನ್ನು ಕೇಳಿದ್ದರೂ ಮೊದಲೇ ಹೇಳುತ್ತಿದ್ದರು, ಅಲ್ವಾ?

ಒಂದು ಕಡೆ ಫಲ ಕೊಟ್ಟದ್ದು ಇನ್ನೊಂದು ಕಡೆ ಕೊಡದೆಯೂ ಇರಬಹುದು. ಹೊಕ್ಕುಳಬಳ್ಳಿಗೆ ಸೋಂಕುನಾಶಕ ಕ್ಲೋರ್‌ಹೆಕ್ಸಿಡಿನ್ ಹಚ್ಚಿದಾಗ ನೇಪಾಳದಲ್ಲಿ ಶಿಶು ಮರಣ ಇಳಿಯಿತು. ಜಾಂಬಿಯಾದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ 'ಬಡ ದೇಶಗಳು' ಅಂತ ಎಲ್ಲವನ್ನೂ ಒಂದೇ ಗಂಟು ಕಟ್ಟಬೇಡಿ.

ಇನ್ನು ಎಳೆ ಮಕ್ಕಳ ವಿಷಯ. ಕಡಿಮೆ ತೂಕದ ಮಗುವನ್ನು ತಾಯಿಯ ಎದೆಗೆ ಕಟ್ಟುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾಯಿತು. ಮಗು ಚೇತರಿಸಿಕೊಂಡ ಮೇಲೆ ಕಟ್ಟುವುದು ರೂಢಿಯಾಗಿತ್ತು. ಹುಟ್ಟಿದ ಕೂಡಲೇ ಕಟ್ಟಿದರೆ ಏನಾಗುತ್ತದೆ? ಭಾರತವೂ ಸೇರಿ ಐದು ದೇಶಗಳಲ್ಲಿ ನೋಡಿದರು. ಮೊದಲ 28 ದಿನದ ಸಾವು ಶೇ 15.7ರಿಂದ ಶೇ 12ಕ್ಕೆ ಇಳಿದಿತ್ತು. ಲಾಭ ಅಷ್ಟು ಸ್ಪಷ್ಟವಾಗಿ ಕಂಡದ್ದರಿಂದ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಇದಕ್ಕಾಗಿ ಐಸಿಯು ಒಳಗೇ ತಾಯಿಗೆ ಮಂಚ ಹಾಕಬೇಕಾಯಿತು. ಬಾಣಂತಿ ಮತ್ತು ಮಗು ಇಬ್ಬರನ್ನೂ ಒಂದೇ ಕಡೆ ನೋಡಿಕೊಳ್ಳಬೇಕಾಯಿತು. ವರದಿಯಲ್ಲಿ ಅದು ಒಂದು ಸಾಲು. ವಾರ್ಡಿನಲ್ಲಿ ಅದು ಪೂರ್ತಿ ಡ್ಯೂಟಿ ಪಟ್ಟಿಯನ್ನೇ ಬದಲಿಸುವ ಕೆಲಸ.

ಆ ಡ್ಯೂಟಿ ಪಟ್ಟಿಯೋ ಮೊದಲೇ ಹರಿದಿದೆ. 2020ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯ ಪ್ರಕಾರ ಜಗತ್ತಿನಲ್ಲಿ 59 ಲಕ್ಷ ನರ್ಸ್‌ಗಳ ಕೊರತೆ ಇತ್ತು. ಅದರಲ್ಲಿ ಶೇ 89ರಷ್ಟು ಕಡಿಮೆ ಮತ್ತು ಕೆಳ ಮಧ್ಯಮ ಆದಾಯದ ದೇಶಗಳದ್ದು. ಇದರ ಮೇಲೆ ಅಧ್ಯಯನದ ಫಾರಂ, ಇನ್ನೊಂದು ರಿಜಿಸ್ಟರ್, ಮೊಬೈಲಿನಲ್ಲಿ ಎಂಟ್ರಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದೂ ಅವರ ತಲೆಗೇ. ನೋವು ತಿನ್ನುತ್ತಿರುವ ಹೆಂಗಸಿನ ಮುಂದೆ ನಾಲ್ಕು ಪುಟದ ಕಾಗದ ಹಿಡಿದು 'ಓದಿ ನೋಡಮ್ಮ' ಅನ್ನುವುದಕ್ಕೆ ಒಪ್ಪಿಗೆ ಅಂತ ಹೆಸರಿಡಬಾರದು. ಬಸುರಿನ ತಪಾಸಣೆಗೆ ಬಂದಾಗಲೇ, ಜೊತೆಗೆ ಬಂದವರನ್ನೂ ಕೂರಿಸಿಕೊಂಡು ವಿವರಿಸಬೇಕು. ಹೆರಿಗೆ ದಿನ ಮತ್ತೊಮ್ಮೆ ಕೇಳಬೇಕು. ಅದಕ್ಕೆ ಬೇಕಾಗುವ ಹೊತ್ತಿಗೂ ಅಧ್ಯಯನದ ಬಜೆಟ್ಟಿನಲ್ಲಿ ದುಡ್ಡು ಇಡಬೇಕು.

ಇಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಜಾಸ್ತಿ ಇದ್ದೀರಿ. ಮುಂದೆ ನಿಮ್ಮ ವಾರ್ಡಿಗೂ ಅಧ್ಯಯನದವರು ಬರುತ್ತಾರೆ. ಎಂಟ್ರಿ ಮಾಡಿಕೊಡಿ ಅಂದಾಗ ಎರಡು ವಿಷಯ ಕೇಳಿ. ಪ್ರಶ್ನೆ ಗೊತ್ತುಮಾಡುವಾಗ ನಮ್ಮವರು ಯಾರಿದ್ದರು? ಅಧ್ಯಯನ ಮುಗಿದ ಮರು ತಿಂಗಳು ಆ ಗೆರೆ ಹಾಕಿದ ಚೀಲಕ್ಕೆ ಇಂಡೆಂಟ್ ಹಾಕಿದರೆ ಸ್ಟೋರಿನಿಂದ ಬರುತ್ತದಾ, ಇಲ್ಲ ಮತ್ತೆ ಕಣ್ಣಂದಾಜಾ? ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.