ಮೀಟಿದ ಸದ್ದನ್ನು ಮರೆಸುವ ಕಿರುಬೆರಳು

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಈಗ ಬೆಳಗಿನ ಆರೂವರೆ. ಹೊರಗೆ ಮಳೆ. ಪಕ್ಕದ ಮನೆಯ ಆಜಿ ಇನ್ನೂ ಎದ್ದಿಲ್ಲ, ಹಾಗಾಗಿ ಗಿಟಾರಿನ ಆಂಪ್ ಸದ್ದು ತೀರಾ ಸಣ್ಣದಾಗಿ ಇಟ್ಟಿದ್ದೇನೆ. ಇವತ್ತಿನ ವಿಷಯಕ್ಕೆ ಅಷ್ಟು ಸದ್ದು ಸಾಕು.

ನಮಸ್ಕಾರ. ಹಿಂದಿನ ವಿಡಿಯೋದ ಕೊನೆಯಲ್ಲಿ ಒಂದು ಸ್ವರ ಮೆಲ್ಲಗೆ ಉಬ್ಬಿ ಬಂದು, ಹಾಗೇ ಕರಗಿ ಹೋಗಿತ್ತು. ತುಂಬಾ ಜನ ಅದು ಕೀಬೋರ್ಡಾ, ಪಿಟೀಲಾ ಅಂತ ಕೇಳಿದಿರಿ. ಅದು ಗಿಟಾರೇ. ಅದಕ್ಕೆ ವಾಲ್ಯೂಮ್ ಸ್ವೆಲ್ ಅನ್ನುತ್ತಾರೆ. ವಾಲ್ಯೂಮ್ ಸೊನ್ನೆಗೆ ಇಳಿಸಿ ತಂತಿ ಮೀಟಬೇಕು, ಆಮೇಲೆ ನಿಧಾನಕ್ಕೆ ಏರಿಸಬೇಕು. ಹೇಳಲು ಇಷ್ಟೇ. ಸರಿಯಾಗಿ ಬರಬೇಕಾದರೆ ಕಿವಿ, ಕೈ, ಕಾಲು ಮೂರೂ ಒಟ್ಟಿಗೆ ಕೆಲಸ ಮಾಡಬೇಕು.

ನಾನು ಇದನ್ನು ನಿಜವಾಗಿ ಕಲಿತದ್ದು ಹೋದ ವರ್ಷ, ಮುಂಬೈನ ಮಾಟುಂಗಾದಲ್ಲಿ ನಮ್ಮ ತಂಡದ ಭಾವಗೀತೆ ಕಾರ್ಯಕ್ರಮದ ದಿನ. ಪಿಟೀಲು ನುಡಿಸುವವರು ಊರಿಗೆ ಹೋಗಿದ್ದರು. ಅವರ ಜಾಗದಲ್ಲಿ ಹಾಡಿನ ಹಿಂದೆ ಉದ್ದುದ್ದ ಸ್ವರ ಹಿಡಿಯುವ ಕೆಲಸ ನನಗೆ ಬಂತು. ಅದಕ್ಕೆ ನನ್ನ ಹತ್ತಿರ ವಾಲ್ಯೂಮ್ ಪೆಡಲ್ ಇತ್ತು, ಅಂದರೆ ಪಾದದಿಂದ ಸದ್ದು ಏರಿಸಿ ಇಳಿಸುವ ಪೆಡಲ್. ಮಧ್ಯಾಹ್ನ ಮೂರು ಗಂಟೆಗೆ ಸೌಂಡ್ ಚೆಕ್. ಎರಡನೇ ಹಾಡಿನಲ್ಲಿ ಕಾಲ ಕೆಳಗೆ ಟಕ್ ಅಂತ ಸದ್ದು. ಪೆಡಲ್ ಸಡಿಲವಾಗಿ ಅತ್ತಿತ್ತ ಆಡತೊಡಗಿತು, ಗಿಟಾರಿನ ಸದ್ದೇ ಇಲ್ಲ.

ತಳದ ಸ್ಕ್ರೂ ಬಿಚ್ಚಿ ನೋಡಿದೆ. ಇಂಥ ಪೆಡಲ್ ಒಳಗೆ ಒಂದು ಪಾಟ್ ಇರುತ್ತದೆ, ಅಂದರೆ ಗಿಟಾರಿನ ನಾಬ್ ಕೆಳಗಿರುವ ಅದೇ ಭಾಗ. ಅದರ ಕಡ್ಡಿಗೆ ಒಂದು ದಾರ ಸುತ್ತಿರುತ್ತದೆ, ದಾರದ ತುದಿಗೆ ಸ್ಪ್ರಿಂಗ್. ಪಾದ ಒತ್ತಿದರೆ ದಾರ ಎಳೆದು ಪಾಟ್ ತಿರುಗುತ್ತದೆ. ಕಡ್ಡಿಗೆ ಉಜ್ಜಿ ಉಜ್ಜಿ ದಾರ ಎಳೆ ಎಳೆಯಾಗಿ ಬಿಟ್ಟು, ಕೊನೆಗೆ ತುಂಡಾಗಿತ್ತು. ನಿಮ್ಮದು ದಾರದ ಪೆಡಲ್ ಆದರೆ ಆರು ತಿಂಗಳಿಗೊಮ್ಮೆ ತಳ ಬಿಚ್ಚಿ ನೋಡಿ. ಎಳೆ ಬಿಟ್ಟಿದ್ದರೆ ಕಣ್ಣಿಗೇ ಕಾಣುತ್ತದೆ.

ಹಾಡುವ ಅಕ್ಕನಿಗೆ ವಿಷಯ ಹೇಳಿದೆ. ಅವರು ಧಾರವಾಡದವರು. ತಂಬೂರಿ ಪೆಟ್ಟಿಗೆ ಮೇಲೆ ಕೈ ಇಟ್ಟುಕೊಂಡು ಕೇಳಿದರು, "ಹಂಗಂದ್ರ ಕೈಲೆ ಮಾಡ್ಲಿಕ್ಕೆ ಬರೂದಿಲ್ಲೇನು ತಮ್ಮಾ?"

ನಾನು ಪ್ರಯತ್ನಿಸುತ್ತೇನೆ ಅಕ್ಕಾ ಅಂದೆ. ಆರು ಗಂಟೆಗೆ ಕಾರ್ಯಕ್ರಮ. ಗ್ರೀನ್ ರೂಮಿನಲ್ಲಿ ಎರಡು ಗಂಟೆ ಕೂತು ಕಿರುಬೆರಳಿಗೆ ಪಾಠ ಮಾಡಿದೆ.

ಈಗ ಕ್ಯಾಮೆರಾ ಹತ್ತಿರ ತರುತ್ತೇನೆ. ಬಲಗೈ ನೋಡಿ. ನನ್ನದು ಸ್ಟ್ರ್ಯಾಟ್ ಮಾದರಿಯ ಗಿಟಾರು. 1954ರಲ್ಲಿ ಫೆಂಡರ್‌ನವರು ಸ್ಟ್ರ್ಯಾಟೊಕ್ಯಾಸ್ಟರ್ ತಂದಾಗಿನಿಂದ ವಾಲ್ಯೂಮ್ ನಾಬ್ ತಂತಿಗಳಿಗೆ ಇಷ್ಟು ಹತ್ತಿರವೇ ಇದೆ. ಪಿಕ್ ಹೆಬ್ಬೆರಳು ತೋರುಬೆರಳ ನಡುವೆ. ಕಿರುಬೆರಳು ಮಡಚಿ ನಾಬ್‌ನ ಅಂಚಿಗೆ ಕೊಕ್ಕೆಯ ಹಾಗೆ ಹಾಕಿದ್ದೇನೆ. ಮೀಟುತ್ತೇನೆ, ಸದ್ದಿಲ್ಲ. ಈಗ ಕಿರುಬೆರಳನ್ನು ಒಳಕ್ಕೆ ಎಳೆದುಕೊಳ್ಳುತ್ತೇನೆ. ಸ್ವರ ಬಂತು, ಅಲ್ವಾ? ಎಳೆಯುವುದು ಬೆರಳಿನ ಗಂಟಿನಿಂದ. ಮಣಿಕಟ್ಟು ಅಲ್ಲಾಡಬಾರದು. ಮಣಿಕಟ್ಟು ಅಲ್ಲಾಡಿದರೆ ಮುಂದಿನ ಮೀಟು ತಪ್ಪುತ್ತದೆ.

ಲೆಸ್ ಪಾಲ್ ಮಾದರಿಯಲ್ಲಿ ನಾಬ್‌ಗಳು ದೂರ ಇರುತ್ತವೆ, ಕಿರುಬೆರಳು ಮುಟ್ಟುವುದು ಕಷ್ಟ. ಅಲ್ಲಿ ಬೇರೆ ದಾರಿ ಇದೆ. ಬಲಗೈಯನ್ನು ಪೂರ್ತಿ ನಾಬ್‌ಗೇ ಬಿಟ್ಟುಬಿಡಿ. ಎಡಗೈ ಬೆರಳನ್ನು ತಂತಿಯ ಮೇಲೆ ಗಟ್ಟಿಯಾಗಿ ಕುಟ್ಟಿ, ಅಂದರೆ ಹ್ಯಾಮರ್ ಆನ್ ಮಾಡಿ, ಸ್ವರ ಹುಟ್ಟಿಸಿ. ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ 1982ರ ಒಂದು ರೆಕಾರ್ಡಿಂಗಿನಲ್ಲಿ ಇದನ್ನೇ ತುಂಬಾ ವೇಗವಾಗಿ, ಡಿಲೇ, ಅಂದರೆ ಮರುದನಿ ಕೊಡುವ ಎಫೆಕ್ಟ್, ಸೇರಿಸಿ ಮಾಡಿದ್ದಾರೆ. ಕೇಳಿದರೆ ಚರ್ಚಿನ ಆರ್ಗನ್ ನೆನಪಾಗುತ್ತದೆ.

ಕಿರುಬೆರಳಿನ ಕೆಲಸಕ್ಕೆ ನನಗೆ ದೊಡ್ಡವರು ಅಮೆರಿಕದ ಗಿಟಾರಿಸ್ಟ್ ರಾಯ್ ಬುಕಾನನ್. ಟೆಲಿಕ್ಯಾಸ್ಟರ್ ಗಿಟಾರು ಹಿಡಿದು, ಪೆಡಲ್ ಗಿಡಲ್ ಇಲ್ಲದೆ, ನಾಬ್ ಒಂದರಲ್ಲೇ ತಂತಿ ಅಳುವ ಹಾಗೆ ಮಾಡುತ್ತಿದ್ದರು. ಇಂಗ್ಲೆಂಡಿನ ಗಿಟಾರಿಸ್ಟ್ ಜೆಫ್ ಬೆಕ್ 1975ರ ತಮ್ಮ ಆಲ್ಬಮ್ಮಿನ ಒಂದು ತುಣುಕನ್ನು ಅವರಿಗೆ ಅರ್ಪಿಸಿದ್ದಾರೆ. ಅದು ಶುರುವಾಗುವುದೇ ಸ್ವೆಲ್‌ನಿಂದ. ಇಬ್ಬರನ್ನೂ ಒಂದೇ ಸಂಜೆ ಹೆಡ್‌ಫೋನ್ ಹಾಕಿಕೊಂಡು ಕೇಳಿ.

ಇದು ಪಿಟೀಲಿನಂತೆ ಯಾಕೆ ಕೇಳಿಸುತ್ತದೆ? ನನಗೆ ತುಂಬಾ ಇಷ್ಟವಾದ ಭಾಗ ಇದು. ಪಿಕ್ ತಂತಿಗೆ ತಾಗಿದ ಆ ಒಂದು ಕ್ಷಣದಲ್ಲಿ ಟಣ್ ಅಂತ ಒರಟು ಸದ್ದು ಬರುತ್ತದಲ್ಲ, ಅದನ್ನು ಕೇಳಿಯೇ ಕಿವಿ ಇದು ಗಿಟಾರು ಅಂತ ಗುರುತು ಹಿಡಿಯುತ್ತದೆ. ಆ ಕ್ಷಣ ತೆಗೆದರೆ ಗುರುತು ತಪ್ಪುತ್ತದೆ. 1948ರಲ್ಲಿ ಪ್ಯಾರಿಸ್‌ನ ರೇಡಿಯೋದಲ್ಲಿದ್ದ ಪಿಯರ್ ಶೆಫರ್ ಗಂಟೆಯ ಸದ್ದನ್ನು ರೆಕಾರ್ಡ್ ಮಾಡಿ, ಬಡಿದ ಕ್ಷಣವನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕೇಳಿದರು. ಗಂಟೆ ಗಂಟೆಯಾಗಿ ಉಳಿದಿರಲಿಲ್ಲ, ಬೇರೆ ಯಾವುದೋ ವಾದ್ಯ ಆಗಿತ್ತು. ನಾವು ನಾಬ್‌ನಲ್ಲಿ ಮಾಡುವುದೂ ಅದನ್ನೇ.

ನಮ್ಮ ಮನೆಯಲ್ಲಿ ಅಪ್ಪ ಹಾರ್ಮೋನಿಯಂ ನುಡಿಸುತ್ತಿದ್ದರು. ಬಲಗೈ ಮನೆಗಳ ಮೇಲೆ, ಎಡಗೈ ತಿದಿಯ ಮೇಲೆ. ಚಿಕ್ಕವನಿದ್ದಾಗ ನಾನು ಬಲಗೈಯನ್ನೇ ನೋಡುತ್ತಿದ್ದೆ. ಈಗ ಅರ್ಥವಾಗುತ್ತದೆ, ಹಾಡಿನ ಉಸಿರೆಲ್ಲ ಎಡಗೈಯಲ್ಲಿತ್ತು. ತಿದಿ ಮೆಲ್ಲಗೆ ಒತ್ತಿದರೆ ಸ್ವರ ತಾನಾಗಿ ತೆರೆದುಕೊಳ್ಳುತ್ತದೆ. ಗಿಟಾರಿಗೆ ತಿದಿ ಇಲ್ಲ. ಅದರ ಜಾಗದಲ್ಲಿ ನನ್ನ ಕಿರುಬೆರಳು, ಇಲ್ಲವೇ ಬಲಗಾಲು.

ಒಂದು ದೊಡ್ಡ ವ್ಯತ್ಯಾಸ ಇದೆ. ತಿದಿಯಲ್ಲಿ ಗಾಳಿ ಇರುವವರೆಗೆ ಸ್ವರ ಇರುತ್ತದೆ. ಗಿಟಾರಿನ ತಂತಿ ಮೀಟಿದ ಕ್ಷಣದಿಂದಲೇ ಸಾಯುತ್ತಾ ಬರುತ್ತದೆ. ನೀವು ವಾಲ್ಯೂಮ್ ಏರಿಸುತ್ತೀರಿ, ಅತ್ತ ತಂತಿ ಇಳಿಯುತ್ತಿರುತ್ತದೆ. ತಡ ಮಾಡಿದರೆ ಏರಿಸಿದರೂ ಏನೂ ಉಳಿದಿರುವುದಿಲ್ಲ. ಆದ್ದರಿಂದ ಮೀಟುವುದನ್ನು ಸ್ವಲ್ಪ ಜೋರಾಗಿಯೇ ಮೀಟಿ, ಹೇಗೂ ಆ ಸದ್ದು ಯಾರಿಗೂ ಕೇಳುವುದಿಲ್ಲ. ಸ್ವೆಲ್‌ಗೆ ವಾಲ್ಯೂಮ್ ಪೆಡಲ್ ಬಳಸುವುದಾದರೆ, ಅದಕ್ಕೆ ಮುಂಚೆ ಕಂಪ್ರೆಸರ್ ಪೆಡಲ್ ಇದ್ದರೆ ಸಣ್ಣಗಾಗುತ್ತಿರುವ ತಂತಿಯನ್ನು ಅದು ಸ್ವಲ್ಪ ಎತ್ತಿ ಹಿಡಿಯುತ್ತದೆ.

ಇನ್ನು ತಾಳ. ಸ್ವರ ತುಂಬಿ ನಿಲ್ಲುವುದು ತಾಳದ ಮೇಲೆ ಆಗಬೇಕಾದರೆ, ಮೀಟುವುದು ಅದಕ್ಕೆ ಮುಂಚೆಯೇ ಆಗಬೇಕು. ತಾಳ ಎಣಿಸುವ ಮೆಟ್ರೊನೋಮ್ 60ಕ್ಕೆ ಇಡಿ, ಆಗ ಒಂದು ಎಣಿಕೆಗೆ ಒಂದು ಸೆಕೆಂಡು. ನಾಲ್ಕು ಅಂದಾಗ ಮೀಟಿ, ಒಂದು ಅನ್ನುವಾಗ ಸ್ವರ ಪೂರ್ತಿ ತೆರೆದಿರಲಿ. ಎರಡು, ಮೂರರಲ್ಲಿ ಮುಚ್ಚಿ. ಗ್ರೀನ್ ರೂಮಿನಲ್ಲಿ ನಾನು ಮಾಡಿದ್ದು ಇದೊಂದೇ. ನನ್ನ ಸ್ವೆಲ್ ಎಲ್ಲಾ ತಾಳಕ್ಕಿಂತ ಹಿಂದೆ ಬೀಳುತ್ತಿತ್ತು. ಪೆಡಲ್ ಇದ್ದಾಗಲೂ ಹಾಗೇ ಬೀಳುತ್ತಿತ್ತಂತೆ. ತಬಲಾದವರು ಆಮೇಲೆ ಹೇಳಿದರು.

ಕಿರುಬೆರಳಿನಲ್ಲಿ ಅಭ್ಯಾಸ ಶುರುವಾದ ಮೇಲೆ ಇನ್ನೊಂದು ತೊಂದರೆ ಬಂತು. ನಾಬ್ ತಿರುಗಿಸಿದಾಗೆಲ್ಲ ಚರಚರ ಸದ್ದು. ಮುಂಬೈ ಮಳೆಗಾಲದ ತೇವಕ್ಕೆ ಪಾಟ್ ಒಳಗೆ ಕೊಳೆ ಹಿಡಿಯುತ್ತದೆ. ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹಾಕಿ, ಇಪ್ಪತ್ತು ಮೂವತ್ತು ಸಲ ಆ ಕಡೆ ಈ ಕಡೆ ತಿರುಗಿಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ನನ್ನದು ಸರಿಹೋಗಲಿಲ್ಲ.

ಈಗ ನೀವು ನೋಡುತ್ತಿರುವುದು ಲ್ಯಾಮಿಂಗ್ಟನ್ ರೋಡ್. ಲೋಕಲ್ ರೈಲಿನ ಸೆಂಟ್ರಲ್ ಲೈನಿನಲ್ಲಿ ದಾದರ್‌ವರೆಗೆ ಬಂದು, ವೆಸ್ಟರ್ನ್ ಹಿಡಿದು ಗ್ರಾಂಟ್ ರೋಡ್‌ನಲ್ಲಿ ಇಳಿದರೆ ನಡೆಯುವಷ್ಟು ದೂರ. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಬೇಕಾದರೆ ನಾನು ಬರುವುದು ಇಲ್ಲಿಗೇ. ಹಳೇ ಪಾಟ್ ಜೇಬಿನಲ್ಲಿ ಹಾಕಿಕೊಂಡೇ ಬನ್ನಿ. ಕಡ್ಡಿಯ ದಪ್ಪ, ತೂತಿನ ಅಳತೆ ಹೋಲಿಸಿ ನೋಡಬೇಕಾಗುತ್ತದೆ. ಗಲ್ಲೆಯ ಹಿಂದೆ ಕೂತವರು ಕೇಳುವ ಮೊದಲ ಪ್ರಶ್ನೆ, "ಲಾಗ್ ಚಾಹಿಯೇ ಯಾ ಲೀನಿಯರ್?"

ಲಾಗ್ ಬೇಕಾ, ಲೀನಿಯರ್ ಬೇಕಾ ಅನ್ನುವ ಆ ಪ್ರಶ್ನೆ ತುಂಬಾ ಮುಖ್ಯ. ಲೀನಿಯರ್ ಪಾಟ್ ಒಂದೇ ಸಮನಾಗಿ ಏರುತ್ತದೆ, ಆದರೆ ನಮ್ಮ ಕಿವಿ ಸದ್ದನ್ನು ಹಾಗೆ ಅಳೆಯುವುದಿಲ್ಲ. ಸ್ವಲ್ಪ ತಿರುಗಿಸುವಷ್ಟರಲ್ಲೇ ಸದ್ದು ಧಡ್ ಅಂತ ಬಂದುಬಿಡುತ್ತದೆ, ಉಳಿದ ಸುತ್ತಿನಲ್ಲಿ ಜಾಸ್ತಿ ಏನೂ ಆಗುವುದಿಲ್ಲ. ಲಾಗ್ ಪಾಟ್ ಮೊದಲು ನಿಧಾನ, ಆಮೇಲೆ ಬೇಗ. ಕಿವಿಗೆ ಅದೇ ಸಮನಾಗಿ ಕೇಳಿಸುತ್ತದೆ. ಸಾಮಾನ್ಯವಾಗಿ ಲಾಗ್‌ಗೆ ಎ, ಲೀನಿಯರ್‌ಗೆ ಬಿ ಅಂತ ಗುರುತು ಇರುತ್ತದೆ. ತಂತಿಯ ಕಂಪನ ಹಿಡಿಯುವ ಪಿಕಪ್ ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಆದರೆ ಎ250ಕೆ, ಎರಡು ಸುರುಳಿಯ ಹಂಬಕರ್ ಆದರೆ ಎ500ಕೆ. ಕೆ ಅಂದರೆ ಕಿಲೋ ಓಮ್. ನನ್ನ ಗಿಟಾರಿನಲ್ಲಿ ಇದ್ದದ್ದು ಬಿ. ಇಷ್ಟು ದಿನ ನನ್ನ ಸ್ವೆಲ್ ಮೊದಲಲ್ಲೇ ಜಿಗಿಯುತ್ತಿದ್ದದ್ದು ಯಾಕೆ ಅಂತ ಅವತ್ತು ಆ ಅಂಗಡಿ ಮುಂದೆ ನಿಂತು ತಿಳಿಯಿತು.

ಅದೇ ಅಂಗಡಿಯಲ್ಲಿ ಒಂದು ನ್ಯಾನೋಫ್ಯಾರಡ್ ಕೆಪ್ಯಾಸಿಟರ್, 150 ಕಿಲೋ ಓಮ್ ರೆಸಿಸ್ಟರ್ ಕೂಡ ತಗೊಂಡೆ. ವಾಲ್ಯೂಮ್ ಇಳಿಸಿದಾಗ ಸ್ವರದ ಹೊಳಪು ಮೊದಲು ಹೋಗುತ್ತದೆ. ಈ ಎರಡನ್ನು ಒಂದರ ಪಕ್ಕ ಒಂದು, ಅಂದರೆ ಪ್ಯಾರಲಲ್ ಆಗಿ ಸೇರಿಸಿ, ಪಾಟ್‌ನ ಒಳಬರುವ ಕಾಲಿಗೂ ನಡುವಿನ ಕಾಲಿಗೂ ಬೆಸುಗೆ ಹಾಕಿದರೆ ಹೊಳಪು ಉಳಿಯುತ್ತದೆ. ಇದಕ್ಕೆ ಟ್ರೆಬಲ್ ಬ್ಲೀಡ್ ಅನ್ನುತ್ತಾರೆ. ಕೆಲವರಿಗೆ ಹೊಳಪು ಇಲ್ಲದ ಸ್ವೆಲ್ಲೇ ಇಷ್ಟ, ಅದು ಕತ್ತಲೆಯಿಂದ ಬೆಳಕಿಗೆ ಬಂದ ಹಾಗೆ ಇರುತ್ತದೆ. ನನಗೆ ಮೊದಲಿನಿಂದಲೇ ಸ್ವರ ಸ್ಪಷ್ಟವಾಗಿ ಬೇಕು.

ಹಾಗಾದರೆ ಪೆಡಲ್ ಬೇಡವೇ? ಬೇಕು. ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ ಹಿಡಿದು, ಬೆರಳಲ್ಲಿ ಒಂದೊಂದೇ ತಂತಿ ಬಿಡಿಸುತ್ತಾ ಸ್ವೆಲ್ ಮಾಡಬೇಕಾದರೆ ಬಲಗೈ ಖಾಲಿ ಇರಲೇಬೇಕು. ನನ್ನ ಪೆಡಲ್‌ಗೆ ಹೊಸ ದಾರ ಹಾಕಿಸಿದ್ದೇನೆ. ದಾರದ ಬದಲು ಹಲ್ಲಿನ ಚಕ್ರ ಇರುವ ಪೆಡಲ್‌ಗಳೂ ಇವೆ. ಮಾರ್ಲಿ ಕಂಪನಿಯ ಪೆಡಲ್‌ಗಳಲ್ಲಿ ಬೆಳಕಿನಿಂದ ವಾಲ್ಯೂಮ್ ಬದಲಾಗುತ್ತದೆ, ಪಾಟ್ ಸವೆಯುವ ಮಾತೇ ಇಲ್ಲ.

ಕೊಳ್ಳುವಾಗ ಒಂದು ಅಂಕಿ ನೋಡಿ. ಗಿಟಾರಿನಿಂದ ಕೇಬಲ್ ನೇರವಾಗಿ ಪೆಡಲ್‌ಗೆ ಬರುವುದಾದರೆ 250ಕೆ ಬೇಕು. ಬಫರ್, ಅಂದರೆ ಸಿಗ್ನಲ್ಲಿಗೆ ಬಲ ಕೊಡುವ ಸರ್ಕ್ಯೂಟ್, ಇರುವ ಬೇರೆ ಪೆಡಲ್‌ಗಳ ನಂತರ ಇಡುವುದಾದರೆ, ಇಲ್ಲವೇ ಗಿಟಾರಿನಲ್ಲಿ ಬ್ಯಾಟರಿಯ ಪಿಕಪ್ ಇದ್ದರೆ 25ಕೆ. ಸಾಮಾನ್ಯ ಗಿಟಾರನ್ನು ನೇರವಾಗಿ 25ಕೆ ಪೆಡಲ್‌ಗೆ ಹಾಕಿದರೆ, ಪೂರ್ತಿ ಒತ್ತಿದರೂ ಸದ್ದು ಕಂಬಳಿ ಹೊದ್ದ ಹಾಗೆ ಮಂಕಾಗಿರುತ್ತದೆ. ಪೆಡಲ್ ಕೆಟ್ಟಿದೆ ಅಂತ ವಾಪಸ್ ಕೊಡಲು ಹೋಗಬೇಡಿ, ಸಮಸ್ಯೆ ಅಂಕಿಯದು.

ಪೆಡಲ್‌ಗಳ ಸಾಲಿನಲ್ಲಿ ಎಲ್ಲಿ ಇಡಬೇಕು ಅನ್ನುವುದು ಅಂಕಿಗಿಂತ ದೊಡ್ಡ ವಿಷಯ. ಓವರ್‌ಡ್ರೈವ್ ಅಂದರೆ ಸದ್ದನ್ನು ಒರಟು ಮಾಡುವ ಪೆಡಲ್. ಓವರ್‌ಡ್ರೈವ್‌ಗೆ ಮುಂಚೆ ಇಟ್ಟರೆ ಸ್ವರ ತಿಳಿಯಾಗಿ ಶುರುವಾಗಿ, ಏರುತ್ತಾ ಏರುತ್ತಾ ಒರಟಾಗುತ್ತದೆ. ಗಿಟಾರಿನ ನಾಬ್ ತಿರುಗಿಸಿದ ಹಾಗೇ. ಓವರ್‌ಡ್ರೈವ್ ನಂತರ ಇಟ್ಟರೆ ಒರಟುತನ ಹಾಗೇ ಇದ್ದು ಗಾತ್ರ ಮಾತ್ರ ಏರುತ್ತದೆ. ಹಾಡಿನ ಹಿಂದೆ ನಿಲ್ಲಲು ನನಗೆ ಎರಡನೆಯದು ಇಷ್ಟ. ಆದರೆ ಡಿಲೇ, ದೊಡ್ಡ ಹಾಲ್‌ನ ಮೊಳಗು ಕೊಡುವ ರಿವರ್ಬ್ ಮಾತ್ರ ವಾಲ್ಯೂಮ್ ಪೆಡಲ್ ನಂತರವೇ ಬರಲಿ. ಹಿಮ್ಮಡಿ ಒತ್ತಿ ಸ್ವರ ಮುಚ್ಚಿದರೂ ಅದರ ನೆರಳು ಹಿಂದೆ ಉಳಿಯುತ್ತದೆ. ಆ ನೆರಳು ಇರುವಾಗಲೇ ಮುಂದಿನ ಕಾರ್ಡ್ ಹಿಡಿದು ಮೀಟಿಬಿಡಬಹುದು. ಎರಡು ಸ್ವೆಲ್‌ಗಳ ನಡುವೆ ತೂತು ಕಾಣುವುದಿಲ್ಲ. ಡಿಲೇ ಸಮಯಕ್ಕೆ ಸರಳ ಲೆಕ್ಕ ಇದೆ. 60,000ವನ್ನು ಹಾಡಿನ ವೇಗದಿಂದ, ಅಂದರೆ ನಿಮಿಷಕ್ಕೆ ಎಷ್ಟು ಎಣಿಕೆಯೋ ಅದರಿಂದ, ಭಾಗಿಸಿ. ವೇಗ 80 ಇದ್ದರೆ 750 ಮಿಲಿಸೆಕೆಂಡು. ಮರುದನಿ ಮೂರೋ ನಾಲ್ಕೋ ಸಾಕು. ಜಾಸ್ತಿ ಆದರೆ ಹಳೇ ಕಾರ್ಡ್ ಹೊಸದರ ಮೇಲೆ ಬಿದ್ದು ಕಲಸುಮೇಲೋಗರ ಆಗುತ್ತದೆ.

ತಾನಾಗಿಯೇ ಸ್ವೆಲ್ ಮಾಡುವ ಪೆಡಲ್‌ಗಳೂ ಇವೆ. ಬಾಸ್ ಕಂಪನಿ 1979ರಲ್ಲಿ ಸ್ಲೋ ಗಿಯರ್ ಅಂತ ಒಂದನ್ನು ತಂದಿತ್ತು. ಮೀಟಿದ್ದನ್ನು ಗುರುತಿಸಿ, ಮೊದಲ ಸದ್ದನ್ನು ಮುಚ್ಚಿ, ತಾನೇ ಏರಿಸುತ್ತದೆ. ಈಗ ಎಷ್ಟೋ ಮಲ್ಟಿ ಎಫೆಕ್ಟ್‌ಗಳ ಒಳಗೆ ಇಂಥ ಸೌಲಭ್ಯ ಇದೆ, ನಿಮ್ಮದರಲ್ಲೂ ಇರಬಹುದು, ಹುಡುಕಿ. ಆದರೆ ಪ್ರತಿ ಸ್ವರದ ಮುಂದೆ ಅದಕ್ಕೆ ಚೂರು ಮೌನ ಬೇಕು. ಸ್ವರದಿಂದ ಸ್ವರಕ್ಕೆ ಜಾರಿದರೆ ಹೊಸದು ಬಂತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಭಾವಗೀತೆಯಲ್ಲಿ ಜಾರುವುದೇ ಜಾಸ್ತಿ, ಹಾಗಾಗಿ ನನಗೆ ಒಗ್ಗಲಿಲ್ಲ.

ಕಾರ್ಡ್ ಬಗ್ಗೆ ಒಂದೇ ಮಾತು. ದಪ್ಪ ತಂತಿಗಳಲ್ಲಿ ಒತ್ತೊತ್ತಾಗಿ ಸ್ವರ ಹಿಡಿಯಬೇಡಿ, ರಿವರ್ಬ್‌ನಲ್ಲಿ ಕೆಸರಾಗುತ್ತದೆ. ಷಡ್ಜ, ಪಂಚಮ, ಮೇಲಿನ ರಿಷಭ, ಈ ಮೂರೇ ಹಿಡಿದು ನೋಡಿ. ಹಾಡುವವರಿಗೆ ಗಾಂಧಾರ ಬಿಟ್ಟುಕೊಡಿ. ರಾಗ ಯಾವ ಕಡೆ ಹೋಗಬೇಕು ಅಂತ ಅವರು ತೀರ್ಮಾನಿಸಲಿ.

ಅವತ್ತು ಮಾಟುಂಗಾದಲ್ಲಿ ನಾಲ್ಕನೇ ಹಾಡಿಗೆ ಕಾರ್ಡ್ ಕೈಬಿಟ್ಟು ಒಂದೇ ಷಡ್ಜ ಹಿಡಿದಿದ್ದೆ. ಕಿರುಬೆರಳು ಬೆವತಿತ್ತು, ಎರಡು ಸಲ ನಾಬ್‌ನಿಂದ ಜಾರಿತು. ಮೂರನೇ ಸಲ ಸ್ವರ ಸರಿಯಾಗಿ ತಾಳದ ಮೇಲೆ ತೆರೆಯಿತು. ಅಕ್ಕ ನನ್ನ ಕಡೆ ತಿರುಗಲಿಲ್ಲ. ಕಣ್ಣು ಮುಚ್ಚಿಯೇ ಅದರ ಮೇಲೆ ಪಲ್ಲವಿ ಎತ್ತಿದರು.

ಈಗ ಅದೇ ಷಡ್ಜ ನಿಮಗಾಗಿ ನುಡಿಸುತ್ತೇನೆ. ಮೊದಲು ಕಿರುಬೆರಳಲ್ಲಿ, ಆಮೇಲೆ ಪೆಡಲ್‌ನಲ್ಲಿ. ಮೈಕ್ ಆಂಪ್‌ನಿಂದ ಒಂದು ಗೇಣು ದೂರ ಇದೆ, ಹಿಂದೆ ಕೇಳುವುದು ಮಳೆ. ಹೆಡ್‌ಫೋನ್ ಹಾಕಿಕೊಳ್ಳಿ.