ಕಲ್ಲಿನ ಪದರದಲ್ಲಿ ಚಿಪ್ಪು ಸೀಗಡಿ

ಕೇಳುಗರಿಗೆ ನಮಸ್ಕಾರ.

ಮಳೆಗೆ ತುಂಬಿ ಬೇಸಿಗೆಗೆ ಬತ್ತುವ ಹೊಂಡಗಳಲ್ಲಿ ಎರಡು ಚಿಪ್ಪುಗಳ ನಡುವೆ ಮೈಯಡಗಿಸಿ ಈಜುವ ಪುಟ್ಟ ಜೀವಿ ಚಿಪ್ಪು ಸೀಗಡಿ. ನೀರಿಂಗಿದರೆ ಅದು ಸಾಯುತ್ತದೆ; ಮೊಟ್ಟೆಗಳು ಮಾತ್ರ ಒಣಗಿದ ಕೆಸರಿನಲ್ಲಿ ಕಾದಿದ್ದು ಮತ್ತೆ ನೀರು ಬಂದಾಗ ಒಡೆಯುತ್ತವೆ. 35 ಕೋಟಿ ವರ್ಷಗಳಿಗೂ ಹಿಂದಿನ ಡೆವೋನಿಯನ್ ಕಾಲದ ಕಲ್ಲಿನಲ್ಲೇ ಇದರ ಪಳೆಯುಳಿಕೆಗಳಿವೆ.

ನೋಡಲು ಕಪ್ಪೆಚಿಪ್ಪಿನ ಹಾಗೆ. ಆದರೆ ಕಪ್ಪೆಚಿಪ್ಪು ಸುಣ್ಣದ್ದು, ಕೀಲಿನಲ್ಲಿ ಸಾಮಾನ್ಯವಾಗಿ ಹಲ್ಲುಗಳಿರುತ್ತವೆ. ಇದರದು ಕೀಟಗಳ ಮೈಕವಚದಲ್ಲೂ ಇರುವ ಕೈಟಿನ್ ಎಂಬ ವಸ್ತುವಿನ ತೆಳುವಾದ ಕವಚ, ಕೀಲಿಗೆ ಹಲ್ಲಿಲ್ಲ. ಮುಖ್ಯ ಗುಂಪಾದ ಸ್ಪೈನಿಕಾಡೇಟಾದಲ್ಲಿ ಪ್ರಾಣಿ ಪೊರೆ ಬಿಟ್ಟರೂ ಚಿಪ್ಪನ್ನು ಬಿಡುವುದಿಲ್ಲ. ಹಳೆಯದರ ಅಡಿಯಲ್ಲಿ ಇನ್ನೂ ಅಗಲವಾದ ಹೊಸ ಪದರ ಮೂಡಿ, ಹಳೆಯ ಅಂಚು ಗೆರೆಯಾಗಿ ಉಳಿಯುತ್ತದೆ. ಹಾಗಾಗಿ ಒಂದು ಗೆರೆ ಎಂದರೆ ಒಂದು ಪೊರೆ, ವರ್ಷವೆಂದು ಎಣಿಸಬೇಡಿ. ಲೀವಿಕಾಡೇಟಾ ಗುಂಪು ಚಿಪ್ಪನ್ನೂ ಕಳಚಿಬಿಡುತ್ತದೆ. ಅದರಲ್ಲಿ ಗೆರೆಗಳೇ ಇಲ್ಲ, ಪಳೆಯುಳಿಕೆಯಾಗಿ ಗುರುತಿಸುವುದೂ ಬಲು ಕಷ್ಟ.

ಈ ಪಳೆಯುಳಿಕೆ ಹುಡುಕುವಾಗ ಜೇಡುಗಲ್ಲನ್ನು ತೆಳು ಉಳಿಯಿಂದ ಪದರಗುಂಟವೇ ಬಿಡಿಸಿ. ಎರಡೂ ಹೋಳುಗಳನ್ನು ಇಟ್ಟುಕೊಳ್ಳಿ, ಒಂದರಲ್ಲಿ ಚಿಪ್ಪಿದ್ದರೆ ಇನ್ನೊಂದರಲ್ಲಿ ಅದರ ಅಚ್ಚಿರುತ್ತದೆ. ಬೆಳಕು ಒಂದೇ ಬದಿಯಿಂದ, ಬಹಳ ತಗ್ಗಿನಿಂದ ಬೀಳಲಿ. ಮೇಲಿನಿಂದ ಬಿದ್ದರೆ ಗೆರೆಗಳು ಮಾಯವಾಗುತ್ತವೆ. ಉದ್ದ, ಎತ್ತರ, ನೆತ್ತಿಯ ಬಳಿಯ ಮರಿಚಿಪ್ಪಿನ ಗಾತ್ರ, ಗೆರೆಗಳ ಸಂಖ್ಯೆ ಬರೆದುಕೊಳ್ಳಿ. ಆದರೆ ವಂಶದ ಸುಳಿವು ಹೆಚ್ಚಾಗಿ ಸಿಗುವುದು ಗೆರೆಗೆರೆಗಳ ನಡುವಿನ ಪಟ್ಟಿಯಲ್ಲಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಲ್ಲಿ ಬಲೆಯಂಥ ಕಣ್ಣುಗಳೋ ಸಣ್ಣ ಗೀರುಗಳೋ ಕಾಣುತ್ತವೆ. ಒಂದೇ ಚಿಪ್ಪಿನಲ್ಲಿ ಬೆನ್ನಿನತ್ತ ಬಲೆ, ಅಂಚಿನತ್ತ ಗೀರು ಇರುವುದೂ ಉಂಟು; ಒಂದೇ ಜಾಗ ನೋಡಿ ಹೆಸರಿಡುವುದು ತಪ್ಪು.

ಎಡವುವುದು ಆಕಾರವನ್ನು ನಂಬಿದಾಗ. ಮಣ್ಣಿನ ಭಾರಕ್ಕೆ ಚಿಪ್ಪು ಚಪ್ಪಟೆಯಾಗಿ ಓರೆಯಾಗುತ್ತದೆ, ಗಂಡು ಹೆಣ್ಣುಗಳ ಆಕಾರ ಬೇರೆ ಇರಬಹುದು, ಕಡಿಮೆ ಗೆರೆಯ ಮರಿಗಳನ್ನು ಹೊಸ ಜಾತಿ ಎಂದುಬಿಡುವುದೂ ಇದೆ. ವಿದರ್ಭದ ಮಾಂಗ್ಲಿಯ ಚಿಪ್ಪುಗಳಿಗೆ 1862ರಲ್ಲಿ ಇಂಗ್ಲೆಂಡಿನ ಭೂವಿಜ್ಞಾನಿ ರೂಪರ್ಟ್ ಜೋನ್ಸ್ ಹೆಸರಿಟ್ಟಾಗ ಇಂದಿನ ಸೂಕ್ಷ್ಮದರ್ಶಕ ಎಲ್ಲಿತ್ತು? ಹಳೆಯ ಸಂಗ್ರಹಗಳಲ್ಲಿ, ಹಿಂದೆ ಬಗೆಬಗೆಯ ಚಿಪ್ಪು ಸೀಗಡಿಗಳಿಗೆ ಇಡುತ್ತಿದ್ದ ಎಸ್ಥೇರಿಯಾ ಎಂಬ ಹೆಸರಿನ ಚೀಟಿ ಇದ್ದರೆ ಮಾದರಿಯನ್ನು ಮತ್ತೆ ನೋಡಲೇಬೇಕು.

ಚಿಪ್ಪು ಒಂದೇ ತೆರನಾದರೂ ವಂಶ ಒಂದೇ ಅಲ್ಲ. ನಾಗಪುರದ ನೀರಿನಿಂದ 1859ರಲ್ಲಿ ಪ್ರಾಣಿವಿಜ್ಞಾನಿ ಬೇರ್ಡ್ ವಿವರಿಸಿದ ಚಿಪ್ಪು ಸೀಗಡಿ ಸೈಕ್ಲೆಸ್ಥೇರಿಯಾ ಹಿಸ್ಲೋಪಿ ಮರಿಗಳನ್ನು ಚಿಪ್ಪಿನೊಳಗೇ ಸಾಕುತ್ತದೆ. ನಂಟಿನಲ್ಲಿ ಅದು ಉಳಿದ ಚಿಪ್ಪು ಸೀಗಡಿಗಳಿಗಿಂತ ನೀರುಚಿಗಟ ಡ್ಯಾಫ್ನಿಯಾಕ್ಕೇ ಹತ್ತಿರ.