ರ‍್ಯಾಕ್ ಕೊಳ್ಳುವ ಮುಂಚೆ ಸೇಫ್ಟಿ ನೋಡಿ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲೇ ಒಂದು ಜಿಮ್ ಮಾಡಿಕೊಳ್ಳಬೇಕು, ಅದಕ್ಕೆ, ಎರಡು ತುದಿಗೂ ತೂಕದ ಪ್ಲೇಟ್ ಸಿಗಿಸುವ ಉದ್ದ ಬಾರ್ ಇಡಲು ಕಬ್ಬಿಣದ ಕಂಬಗಳ ಚೌಕಟ್ಟು, ಅಂದರೆ ಒಂದು ಒಳ್ಳೆ ರ‍್ಯಾಕ್ ತರಬೇಕು ಅಂತ ಯೋಚಿಸುತ್ತಿರುವವರಿಗೆ ಇವತ್ತಿನ ಮಾತು. ಬಾರ್ ಹೆಗಲ ಮೇಲಿಟ್ಟು ಕೂತು ಏಳುವ ಸ್ಕ್ವಾಟ್, ಬೆಂಚ್ ಮೇಲೆ ಮಲಗಿ ಬಾರ್ ಎತ್ತುವ ಬೆಂಚ್ ಪ್ರೆಸ್, ಪುಲ್ ಅಪ್, ಡಿಪ್ಸ್, ರಾಟೆಯ ಮೇಲೆ ಎಳೆಯುವ ಕೇಬಲ್ ಎಲ್ಲವೂ ಒಂದರಲ್ಲೇ ಆಗುವ ರ‍್ಯಾಕ್‌ಗಳು ಈಗ ಬೇಕಾದಷ್ಟಿವೆ. ಯಾವುದು ತಗೊಳ್ಳಲಿ ಅಂತ ನನ್ನನ್ನು ಕೇಳುವವರೂ ಬೇಕಾದಷ್ಟು ಜನ. ಎಲ್ಲರಿಗೂ ನಾನು ಮೊದಲು ಹೇಳುವುದು ಒಂದೇ ಮಾತು. ಸೇಫ್ಟಿ ನೋಡಿ. ಬಾರ್ ಕೈ ಜಾರಿದರೆ, ಎತ್ತಲು ಆಗದೇ ಹೋದರೆ, ಅದನ್ನು ತಡೆದು ಹಿಡಿಯುವ ಆ ಎರಡು ಅಡ್ಡ ಪೈಪ್‌ಗಳಿವೆಯಲ್ಲ, ಅವೇ ಸೇಫ್ಟಿ. ಅವು ಸರಿಯಿದ್ದರೆ ಆ ರ‍್ಯಾಕ್ ಬಗ್ಗೆ ಮುಂದಕ್ಕೆ ಮಾತಾಡೋಣ. ಸರಿಯಿಲ್ಲದಿದ್ದರೆ ಉಳಿದದ್ದು ಏನೇ ಇದ್ದರೂ ಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಮನೆಯಲ್ಲಿ ನೀವು ಒಬ್ಬರೇ. ಜಿಮ್‌ನಲ್ಲಾದರೆ ಹಿಂದೆ ಒಬ್ಬರು ನಿಂತಿರುತ್ತಾರೆ. ಬಾರ್ ಅರ್ಧಕ್ಕೆ ನಿಂತರೆ ಕೈ ಹಾಕಿ ಎತ್ತುತ್ತಾರೆ. ಯಾರೂ ನಿಂತಿರದಿದ್ದರೆ ಕೂಗಿದರೂ ಸಾಕು, ನಾಲ್ಕು ಜನ ಓಡಿ ಬರುತ್ತಾರೆ. ಮನೆಯಲ್ಲಿ ಆ ಕೆಲಸ ರ‍್ಯಾಕೇ ಮಾಡಬೇಕು. ಬೆಳಗ್ಗೆ ಎಲ್ಲರೂ ಮಲಗಿರುವಾಗ, ಕಿವಿಗೆ ಹಾಡು ಹಾಕಿಕೊಂಡು, ಬಾಗಿಲು ಮುಚ್ಚಿಕೊಂಡು ಬೆಂಚ್ ಪ್ರೆಸ್ ಮಾಡುವವರು ಎಷ್ಟು ಜನ ಇಲ್ಲ? ಆ ಹೊತ್ತಿಗೆ ನಿಮಗೆ ಆಸರೆ ಆ ಎರಡು ಪೈಪ್‌ಗಳು ಮಾತ್ರ.

ಅದಕ್ಕೇ ನನ್ನ ಸಲಹೆ, ನಾಲ್ಕು ಕಂಬದ ಪವರ್ ರ‍್ಯಾಕ್ ತಗೊಳ್ಳಿ. ನಾಲ್ಕು ಕಂಬಗಳ ಒಳಗೆ ನೀವು ನಿಂತಿರುತ್ತೀರಿ. ಎರಡೂ ಪಕ್ಕದಲ್ಲಿ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಸೇಫ್ಟಿ ಪೈಪ್ ಹಾದುಹೋಗಿರುತ್ತದೆ. ನೀವು ಮುಂದೆ ವಾಲಿ, ಹಿಂದೆ ವಾಲಿ, ಬಾರ್ ಬೀಳುವುದು ಆ ಪೈಪ್ ಮೇಲೇ. ಕಂಬಗಳ ಮುಂದೆ, ಹೊರಗೆ ನಿಂತು ಎತ್ತುವ ಹಾಫ್ ರ‍್ಯಾಕ್‌ನಲ್ಲಿ ಸೇಫ್ಟಿ ಮುಂದಕ್ಕೆ ಚಾಚಿದ ತೋಳಿನ ಹಾಗಿರುತ್ತದೆ. ಅದರ ಒಂದು ತುದಿಗೆ ಮಾತ್ರ ಆಸರೆ. ಜಾಗ ತೀರಾ ಕಡಿಮೆ ಇದ್ದವರಿಗೆ ಅದು ಆಗಬಹುದು, ಆದರೆ ತೋಳು ಉದ್ದವಾಗಿರಬೇಕು, ಕನಿಷ್ಠ ಎರಡು ಅಡಿ. ಬಿಡಿಬಿಡಿಯಾಗಿ ನಿಲ್ಲುವ ಎರಡು ಕಂಬದ ಸ್ಕ್ವಾಟ್ ಸ್ಟ್ಯಾಂಡ್ ಬೇಡವೇ ಬೇಡ. ಒಬ್ಬರೇ ಮಾಡುವವರಿಗೆ ಅದು ಸಲ್ಲದು.

ಇಲ್ಲಿ ನನ್ನ ಪರಿಚಯದ ಒಬ್ಬರ ವಿಷಯ ಹೇಳಲೇಬೇಕು. ಎತ್ತರದ ಮನುಷ್ಯ, ವ್ಯಾಯಾಮದ ಮೇಲೆ ಬಹಳ ಆಸೆ. ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಒಂದು ದೊಡ್ಡ ರ‍್ಯಾಕ್ ತರಿಸಿದರು. ಅದರಲ್ಲಿ ಇಲ್ಲದ್ದೇ ಇಲ್ಲ. ಮೇಲೆ ಪುಲ್ ಅಪ್‌ಗೆ ನಾಲ್ಕು ಥರದ ಹಿಡಿ. ಹಿಂದೆ, ಮೇಲಿಂದ ಕೆಳಕ್ಕೆ ಎಳೆಯುವ ಲ್ಯಾಟ್ ಪುಲ್‌ಡೌನ್. ಎರಡೂ ಪಕ್ಕ ಕೇಬಲ್. ಡಿಪ್ಸ್‌ಗೆ ಹಿಡಿ ಬೇರೆ. ಬಂದು ನೋಡಿ ಸರ್ ಅಂತ ಕರೆದರು, ಹೋದೆ. ಒಂದೊಂದನ್ನೇ ಎಳೆದು ತೋರಿಸಿದರು. ಕೇಬಲ್ ಬೆಣ್ಣೆಯ ಹಾಗೆ ಜಾರುತ್ತಿತ್ತು, ಆ ಮಾತು ನಿಜ. ಎಲ್ಲ ತೋರಿಸಿ ಆದ ಮೇಲೆ ನಾನು ಕೇಳಿದೆ, ಬೆಂಚ್ ಪ್ರೆಸ್‌ಗೆ ಸೇಫ್ಟಿ ಯಾವ ತೂತಿಗೆ ಹಾಕುತ್ತೀರಿ? ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಸೇಫ್ಟಿ ಹಾಕಲ್ಲ ಸರ್, ಅಡ್ಡ ಬರುತ್ತೆ ಅಂದರು.

ಅಡ್ಡ ಬರುತ್ತದೆ ಅಂದರೆ ಏನು? ನೋಡಿಯೇ ಬಿಡೋಣ ಅಂತ ಬೆಂಚ್ ಮೇಲೆ ಮಲಗಿಸಿದೆ. ಕೈಗೆ ಖಾಲಿ ಬಾರ್ ಕೊಟ್ಟೆ, 20 ಕಿಲೋದ್ದು. ಸೇಫ್ಟಿಯನ್ನು ಎದೆಯ ಎತ್ತರದ ತೂತಿಗೆ ಹಾಕಿ, ನಿಧಾನ ಇಳಿಸಿ ಅಂದೆ. ಬಾರ್ ಎದೆಗೆ ತಾಗಲೇ ಇಲ್ಲ. ಎದೆಗಿಂತ ಎರಡು ಬೆರಳು ಮೇಲೆ ಪೈಪ್‌ಗೆ ಟಣ್ ಅಂತ ಬಡಿದು ನಿಂತಿತು. ಸರಿ, ಒಂದು ತೂತು ಕೆಳಗೆ ಹಾಕಿದೆ. ಈಗ ಬಾರ್ ಪೂರ್ತಿ ಎದೆಯ ಮೇಲೆ ಕೂತಿತು, ಪೈಪ್ ಇನ್ನೂ ನಾಲ್ಕು ಬೆರಳು ಕೆಳಗೇ ಇತ್ತು. ಎತ್ತಿ ಹಿಡಿದ ಎದೆ ಇಳಿಸಿ, ಬೆನ್ನು ಸಪಾಟು ಮಾಡಿ ಅಂದೆ. ಇಳಿಸಿದರು. ಆಗಲೂ ಬಾರ್ ಪೈಪ್‌ಗೆ ಸಿಗಲಿಲ್ಲ, ಎದೆಯ ಮೇಲೇ ಇತ್ತು. ಬಾರ್‌ನಲ್ಲಿ ನೂರು ಕಿಲೋ ಇದ್ದಿದ್ದರೆ ಆ ಪೈಪ್ ಯಾವ ಉಪಕಾರಕ್ಕೂ ಬರುತ್ತಿರಲಿಲ್ಲ. ಅಳತೆ ಪಟ್ಟಿ ತರಿಸಿ ನೋಡಿದೆ. ಆ ಕಂಬದಲ್ಲಿ ಒಂದು ತೂತಿಗೂ ಇನ್ನೊಂದಕ್ಕೂ ಐದು ಇಂಚು ಅಂತರ! ಕೇಬಲ್‌ಗೆ ಅಷ್ಟು ಖರ್ಚು ಮಾಡಿದ ಕಂಪನಿಯವರು ಕಂಬಕ್ಕೆ ಇನ್ನೂ ನಾಲ್ಕು ತೂತು ಹಾಕಿರಲಿಲ್ಲ.

ಹೊಸ ರ‍್ಯಾಕ್ ವಾಪಸ್ ಮಾಡುವ ಹಾಗಿರಲಿಲ್ಲ. ಹಾಗಂತ ಅವರನ್ನು ಅದೇ ಸ್ಥಿತಿಯಲ್ಲಿ ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ಪೈಪ್ ಬೇಕಾದಷ್ಟೇ ಕೆಳಗೆ ಇಳಿಯದಿದ್ದರೆ ಬೆಂಚೇ ಮೇಲೆ ಏರಲಿ ಅಂತ, ದಪ್ಪ ಪ್ಲೈವುಡ್ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಸ್ಕ್ರೂ ಹಾಕಿ ಬಿಗಿದು, ಎರಡು ಇಂಚಿನ ಹಲಗೆ ಮಾಡಿಸಿದೆ. ಬೆಂಚ್‌ನ ಮುಂದಿನ ಕಾಲಿಗೊಂದು, ಹಿಂದಿನ ಕಾಲಿಗೊಂದು. ಕಾಲು ಜಾರಬಾರದು ಅಂತ ಅಂಚಿಗೆ ಸಣ್ಣ ಪಟ್ಟಿ ಹೊಡೆಸಿದೆ. ಮತ್ತೆ ಮಲಗಿಸಿದೆ. ಈಗ ಮೇಲಿನ ತೂತಿನಲ್ಲೇ ಪೈಪ್. ಎದೆ ಎತ್ತಿ ಹಿಡಿದಾಗ ಬಾರ್ ಎದೆಗೆ ತಾಗುತ್ತದೆ, ಪೈಪ್‌ಗೆ ತಾಗುವುದಿಲ್ಲ. ಎದೆ ಇಳಿಸಿ ಬೆನ್ನು ಸಪಾಟು ಮಾಡಿದ ಕೂಡಲೇ ಬಾರ್ ಪೈಪ್ ಮೇಲೆ ಕೂರುತ್ತದೆ, ಮನುಷ್ಯ ಕೆಳಗಿನಿಂದ ಜಾರಿ ಹೊರಗೆ ಬರಬಹುದು. ಅವರು ಎತ್ತರ ಇದ್ದದ್ದರಿಂದ ಪಾದ ನೆಲಕ್ಕೆ ಸಿಕ್ಕಿತು. ಕುಳ್ಳಗಿರುವವರಾದರೆ ಪಾದದ ಕೆಳಗೂ ಒಂದೊಂದು ಹಲಗೆ ಇಡಬೇಕಾಗುತ್ತಿತ್ತು.

ಅವತ್ತು ಅವರು ಬಾರ್ ಕೆಳಗಿನಿಂದ ಜಾರಿ ಹೊರಗೆ ಬರುವುದನ್ನೇ ಮತ್ತೆ ಮತ್ತೆ ಮಾಡಿ ನೋಡಿದರು. ಮುಖದಲ್ಲಿ ಎಂಥ ನಿರಾಳ! ಮುಂದಿನ ತಿಂಗಳುಗಳಲ್ಲಿ ಅವರ ಬೆಂಚ್ ಪ್ರೆಸ್ ಏರುತ್ತಲೇ ಹೋಯಿತು. ಹೆದರಿಕೆ ಹೋದ ಮೇಲೆ ಕೊನೆಯ ರೆಪ್‌ಗೂ, ಅಂದರೆ ಕೊನೆಯ ಸಲ ಎತ್ತುವಾಗಲೂ, ಪೂರ್ತಿ ಶಕ್ತಿ ಹಾಕಿದರು ನೋಡಿ, ಅದಕ್ಕೆ.

ಈ ಕತೆಯಿಂದ ನಿಮಗೆ ಬೇಕಾದದ್ದು ತೂತಿನ ಅಂತರ. ಎರಡು ಇಂಚಿಗೆ ಒಂದು ತೂತು ಇರಲೇಬೇಕು. ಬೆಂಚ್ ಪ್ರೆಸ್ ಮಾಡುವ ಎತ್ತರದಲ್ಲಿ ಒಂದು ಇಂಚಿಗೆ ಒಂದಿದ್ದರೆ ತುಂಬ ಒಳ್ಳೆಯದು. ಕೆಲವು ರ‍್ಯಾಕ್‌ಗಳಲ್ಲಿ ಹಾಗೇ ಮಾಡಿರುತ್ತಾರೆ. ಫೋಟೋದಲ್ಲಿ ಇದು ಗೊತ್ತಾಗುವುದಿಲ್ಲ, ಕೇಳಿ ತಿಳಿದುಕೊಳ್ಳಿ. ಇನ್ನೊಂದು ಪ್ರಶ್ನೆಯನ್ನೂ ಕೇಳಿ. ರ‍್ಯಾಕ್ ಇಷ್ಟು ಕಿಲೋ ತಡೆಯುತ್ತದೆ ಅಂತ ದೊಡ್ಡದಾಗಿ ಬರೆದಿರುತ್ತಾರೆ ಅಲ್ವಾ, ಅದು ಕಂಬಕ್ಕೋ ಸೇಫ್ಟಿಗೋ? ಸೇಫ್ಟಿ ಎಷ್ಟು ತಡೆಯುತ್ತದೆ ಅಂತ ಬೇರೆಯಾಗಿ ಕೇಳಿ. ಸುಮ್ನೆ ಇಟ್ಟ ನೂರು ಕಿಲೋ ಬೇರೆ, ಮೇಲಿಂದ ಬಿದ್ದ ನೂರು ಕಿಲೋ ಬೇರೆ. ಬಿದ್ದಾಗ ಪೆಟ್ಟು ಬಹಳ ಜಾಸ್ತಿ. ನೀವು ಎತ್ತುವ ತೂಕದ ಎರಡರಷ್ಟಾದರೂ ಇರಲಿ.

ಸೇಫ್ಟಿಯಲ್ಲೂ ಎರಡು ಮೂರು ಬಗೆ ಇವೆ. ಪೈಪನ್ನು ತೂತಿನೊಳಗೆ ತೂರಿಸುವುದು ಒಂದು. ಗಟ್ಟಿಯಾದದ್ದು, ಆದರೆ ಎತ್ತರ ಬದಲಿಸಲು ಸ್ವಲ್ಪ ಹೊತ್ತು ಬೇಕು. ಕಂಬಕ್ಕೆ ಸಿಗಿಸಿ ತಿರುಗಿಸಿದರೆ ಕೂರುವಂಥದ್ದು ಇನ್ನೊಂದು, ಬೇಗ ಬದಲಿಸಬಹುದು. ದಪ್ಪ ನೈಲಾನ್ ಪಟ್ಟಿ ಮತ್ತೊಂದು. ಬಾರ್ ಬಿದ್ದರೆ ಸದ್ದು ಕಡಿಮೆ, ಬಾರ್‌ಗೂ ಪೆಟ್ಟಾಗುವುದಿಲ್ಲ. ಕೆಳಗಿನ ಮನೆಯಲ್ಲಿ ಜನ ಇದ್ದರೆ ಪಟ್ಟಿಯನ್ನೇ ತಗೊಳ್ಳಿ. ಯಾವುದಾದರೂ ಆಗಲಿ, ಬದಲಿಸಲು ಸುಲಭ ಇರಬೇಕು. ಕಷ್ಟ ಇದ್ದರೆ ನೀವು ಬದಲಿಸುವುದೇ ಇಲ್ಲ. ಸ್ಕ್ವಾಟ್‌ಗೆ ಹಾಕಿದ ಎತ್ತರದಲ್ಲೇ ಬೆಂಚ್ ಪ್ರೆಸ್ ಮಾಡುತ್ತೀರಿ. ಇದನ್ನು ನಾನು ಎಷ್ಟು ಸಲ ನೋಡಿಲ್ಲ!

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಕಬ್ಬಿಣದ ದಪ್ಪ. ಇದನ್ನು ಗೇಜ್‌ನಲ್ಲಿ ಹೇಳುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ದಪ್ಪ ಜಾಸ್ತಿ, ಇದು ನೆನಪಿರಲಿ. 11 ಗೇಜ್ ಅಂದರೆ ಸುಮಾರು ಮೂರು ಮಿಲಿಮೀಟರ್, 14 ಗೇಜ್ ಅಂದರೆ ಸುಮಾರು ಎರಡು. 11 ತಗೊಳ್ಳಿ. ಕಂಬ ಎರಡಕ್ಕೆ ಮೂರು ಇಂಚು ಇದ್ದರೆ ಸಾಕು, ಮೂರಕ್ಕೆ ಮೂರು ಇದ್ದರೆ ಇನ್ನೂ ಗಟ್ಟಿ.

ಅಳತೆ. ದೊಡ್ಡ ಬಾರ್ 2.2 ಮೀಟರ್ ಉದ್ದ, ಅಂದರೆ ಏಳಡಿಗೂ ಸ್ವಲ್ಪ ಜಾಸ್ತಿ. ಎರಡೂ ಪಕ್ಕ ನಿಂತು ಪ್ಲೇಟ್ ಹಾಕಲು ಎರಡೆರಡು ಅಡಿ ಬೇಕು. ಅಲ್ಲಿಗೆ ಕೋಣೆ ಹನ್ನೊಂದು ಅಡಿಗೂ ಸ್ವಲ್ಪ ಜಾಸ್ತಿ ಅಗಲ ಆಯಿತು. ರ‍್ಯಾಕ್ ಮಾತ್ರ ಅಳೆದು, ಹಿಡಿಸುತ್ತೆ ಅಂತ ತಂದು, ಆಮೇಲೆ ಗೋಡೆಗೆ ಬಾರ್ ತಾಗಿಸಿಕೊಂಡು ಪರದಾಡಬೇಡಿ. ಬಾರ್‌ನಲ್ಲಿ ಪ್ಲೇಟ್ ಕೂರುವ ಎರಡು ತುದಿಗಳ ನಡುವೆ 131 ಸೆಂಟಿಮೀಟರ್ ಜಾಗ ಇರುತ್ತದೆ. ರ‍್ಯಾಕ್ ಆ ನಡುವೆ ಕೂರಬೇಕು. ಅದಕ್ಕೇ ಹೆಚ್ಚಿನ ರ‍್ಯಾಕ್‌ಗಳ ಅಗಲ ನಾಲ್ಕು ಅಡಿ ಆಸುಪಾಸಿನಲ್ಲಿರುತ್ತದೆ. ಮನೆಯಲ್ಲಿ ಹಳೆಯ ಚಿಕ್ಕ ರಾಡ್ ಇದ್ದರೆ ಅದು ಇದರ ಮೇಲೆ ಕೂರುವುದಿಲ್ಲ, ಹೊಸ ಬಾರ್ ಖರ್ಚನ್ನೂ ಸೇರಿಸಿಕೊಳ್ಳಿ.

ಎತ್ತರ. ಪುಲ್ ಅಪ್ ಮಾಡುವಾಗ ತಲೆ ಹಿಡಿಗಿಂತ ಮೇಲೆ ಹೋಗಬೇಕು. ಹಿಡಿಗೂ ಚಾವಣಿಗೂ ಒಂದು ಅಡಿಯಾದರೂ ಬಿಡಿ. ನಿಂತು ತಲೆ ಮೇಲೆ ಬಾರ್ ಎತ್ತುವವರು ಕೈ ನೇರ ಚಾಚಿ ನಿಂತು ಅಳೆಯಿರಿ. ದೊಡ್ಡ ಪ್ಲೇಟ್ 45 ಸೆಂಟಿಮೀಟರ್ ಅಗಲ ಇರುತ್ತದೆ, ಅದರ ಅರ್ಧ ನಿಮ್ಮ ಕೈಗಿಂತ ಮೇಲಿರುತ್ತದೆ. ಫ್ಯಾನ್ ಎಲ್ಲಿದೆ ನೋಡಿಕೊಳ್ಳಿ.

ಇನ್ನು ಕೇಬಲ್. ಎಲ್ಲರಿಗೂ ಆಸೆ ಇದರ ಮೇಲೇ, ಗೊತ್ತು. ತಗೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಆಮೇಲೆ ಜೋಡಿಸಲು ಬರುವ ರ‍್ಯಾಕ್ ತಗೊಂಡರೆ ಮೊದಲ ದಿನವೇ ಎಲ್ಲ ಕೊಳ್ಳಬೇಕಾಗಿಲ್ಲ. ಒಂದು ವಿಷಯ ಕೇಳಿಕೊಳ್ಳಿ, ರಾಟೆ ಒಂದಕ್ಕೆ ಒಂದೋ, ಎರಡಕ್ಕೆ ಒಂದೋ ಅಂತ. ಎರಡಕ್ಕೆ ಒಂದು ಅಂದರೆ 50 ಕಿಲೋ ಹಾಕಿದರೆ ಕೈಗೆ ಬರುವುದು 25 ಕಿಲೋ. ಕೇಬಲ್ ಉದ್ದ ಬರುತ್ತದೆ, ಭಾರ ಅರ್ಧ ಆಗುತ್ತದೆ. ಬೆನ್ನಿಗೆ ಭಾರ ಎಳೆಯುವವರಿಗೆ ಒಂದಕ್ಕೆ ಒಂದೇ ಸರಿ. ಕಂಬಿಯ ಮೇಲೆ ಜಾರುವ ಸ್ಮಿತ್ ಬಾರ್ ಇರುವ ಮೆಷಿನ್‌ಗಳೂ ಬರುತ್ತವೆ. ಅದು ಇದ್ದರೂ ಬಿಡಿ ಬಾರ್‌ಗೆ ಬೇರೆ ಸೇಫ್ಟಿ ಇದೆಯಾ? ನೋಡಿ, ಮತ್ತೆ ಅಲ್ಲಿಗೇ ಬಂದೆ. ಬರಲೇಬೇಕು.

ರ‍್ಯಾಕ್ ನಿಲ್ಲಿಸುವಾಗ ನೆಲ ಮಟ್ಟವಾಗಿರಲಿ. ಕಾಂಕ್ರೀಟ್ ನೆಲವಾದರೆ ಬೋಲ್ಟ್ ಹೊಡೆದು ಕೂರಿಸಿ. ಅದಕ್ಕೆ ಆಗದಿದ್ದರೆ ಪ್ಲೇಟ್‌ಗಳನ್ನೆಲ್ಲ ರ‍್ಯಾಕ್‌ನ ಹಿಂಭಾಗದ ಕೊಂಬುಗಳಿಗೇ ಸಿಗಿಸಿಡಿ, ಆ ಭಾರಕ್ಕೆ ಅದು ಅಲುಗಾಡದೆ ನಿಲ್ಲುತ್ತದೆ. ಬಾರ್ ಇಡುವ ಕೊಕ್ಕೆಗೆ ಪ್ಲಾಸ್ಟಿಕ್ ಹೊದಿಕೆ ಇರಬೇಕು, ಇಲ್ಲದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಬಾರ್‌ನ ಹಿಡಿ ಸವೆಯುತ್ತದೆ.

ಜೋಡಿಸಿ ಆಯಿತು ಅಂದುಕೊಳ್ಳಿ. ಮೊದಲ ದಿನ ಪ್ಲೇಟ್ ಮುಟ್ಟಬೇಡಿ. ಖಾಲಿ ಬಾರ್ ಹೆಗಲ ಮೇಲಿಟ್ಟುಕೊಂಡು ರ‍್ಯಾಕ್ ಒಳಗೆ ನಿಂತು ನೀವು ಕೂರುವಷ್ಟು ಕೆಳಗೆ ಕೂರಿ. ಅಲ್ಲಿಂದ ಎರಡು ಬೆರಳು ಕೆಳಗೆ ಸೇಫ್ಟಿ ಇರಬೇಕು. ಆಮೇಲೆ ಬೇಕಂತಲೇ ಸೋತು ನೋಡಿ. ಇನ್ನೂ ಸ್ವಲ್ಪ ಕೂತು, ಬಾರನ್ನು ಪೈಪ್ ಮೇಲೆ ಇಳಿಸಿ, ತಲೆ ತಗ್ಗಿಸಿ ಮುಂದಕ್ಕೆ ಹೊರಗೆ ಬನ್ನಿ. ಬೆಂಚ್ ಮೇಲೂ ಹಾಗೇ. ಎದೆ ಎತ್ತಿ ಬಾರ್ ಇಳಿಸಿ, ಎದೆ ಇಳಿಸಿ ಪೈಪ್ ಮೇಲೆ ಕೂರಿಸಿ, ಜಾರಿ ಹೊರಗೆ ಬನ್ನಿ. ಸರಿಯಾದ ತೂತು ಸಿಕ್ಕಿದ ಕೂಡಲೇ ಕಂಬದ ಮೇಲೆ ಬಣ್ಣದ ಟೇಪ್ ಅಂಟಿಸಿ. ಸ್ಕ್ವಾಟ್‌ಗೆ ಒಂದು ಬಣ್ಣ, ಬೆಂಚ್‌ಗೆ ಒಂದು ಬಣ್ಣ. ಮನೆಯಲ್ಲಿ ಇನ್ನೊಬ್ಬರೂ ವ್ಯಾಯಾಮ ಮಾಡುತ್ತಾರೆ ಅಂದರೆ ಅವರ ಎತ್ತರಕ್ಕೆ ಬೇರೆ ಬಣ್ಣ. ಅವರನ್ನೂ ಖಾಲಿ ಬಾರ್‌ನಿಂದಲೇ ಶುರು ಮಾಡಿಸಿ.

ಒಂದು ವಾರ ಬಳಸಿದ ಮೇಲೆ ಸ್ಪ್ಯಾನರ್ ಹಿಡಿದು ಎಲ್ಲ ಬೋಲ್ಟ್‌ಗಳನ್ನೂ ಇನ್ನೊಮ್ಮೆ ಬಿಗಿ ಮಾಡಿ. ಹೊಸ ರ‍್ಯಾಕ್‌ನಲ್ಲಿ ಅವು ಸ್ವಲ್ಪ ಸಡಿಲ ಆಗುತ್ತವೆ. ಸೇಫ್ಟಿ ಹಿಡಿದಿರುವ ಪಿನ್‌ಗಳನ್ನು ಮಾತ್ರ ಪ್ರತಿ ದಿನ, ಮೊದಲ ಸೆಟ್‌ಗೆ ಮುಂಚೆ, ಎರಡೂ ಪಕ್ಕ ಕೈಯಿಂದ ಎಳೆದು ನೋಡಿ. ನಮಸ್ಕಾರ.